ಹಣ್ಣಿನ ಐಸ್ ಟೀ ಕಲಗಚ್ಚಾಗದ ಹಾಗೆ ಮನೆಯಲ್ಲಿ ಮಾಡುವುದು ಹೇಗೆ: ಹಂತ ಹಂತವಾಗಿ

ಬೇಸಿಗೆ ಬಂತೆಂದರೆ ನನಗೆ ಬರುವ ದೂರು ಮೂರೇ. ಐಸ್ ಟೀ ಕಹಿಯಾಯಿತು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಮಬ್ಬಾಯಿತು. ಐಸ್ ಹಾಕಿದ್ದೇ ತಡ, ರುಚಿಯೆಲ್ಲ ನೀರಾಯಿತು. ಬದಿಯಡ್ಕದ ಅತ್ತಿಗೆ ಫೋನು ಮಾಡಿದ್ದೂ ಇದಕ್ಕೇ, ಉಪ್ಪಳದ ಗೆಳೆಯ ಬೇಜಾರು ಮಾಡಿಕೊಂಡದ್ದೂ ಇದಕ್ಕೇ. ಇಬ್ಬರ ಮನೆಯಲ್ಲೂ ಒಳ್ಳೆಯ ಹಣ್ಣಿತ್ತು, ಒಳ್ಳೆಯ ಚಾ ಹುಡಿ ಇತ್ತು. ತಪ್ಪಿದ್ದು ಕ್ರಮದಲ್ಲಿ.

ನಾನು ಕಲಿತದ್ದೂ ಕೆಡಿಸಿಯೇ. ಒಮ್ಮೆ ವಿಷುವಿನ ಮರುದಿನ ಮನೆಗೆ ಹತ್ತು ಹನ್ನೆರಡು ಮಂದಿ ಬಂದಿದ್ದರು. ಆಸರಿಗೆ ಬೆಲ್ಲ ನೀರು ಕೊಡುವ ಬದಲು ಹೊಸತೇನಾದರೂ ಕೊಡೋಣ ಎಂದು ತಪಲೆಯಲ್ಲಿ ಚಾ ಹುಡಿ ಹಾಕಿ ಹತ್ತು ನಿಮಿಷ ಕುದಿಸಿದೆ. ಅದಕ್ಕೇ ಮಾವಿನಹಣ್ಣಿನ ತಿರುಳು ಸುರಿದೆ, ಇನ್ನೊಂದು ಕುದಿ ಬರಿಸಿದೆ, ಬಿಸಿಬಿಸಿಯೇ ಫ್ರೀಜರಿಗೆ ತಳ್ಳಿದೆ. ಹೊರಗೆ ತೆಗೆದಾಗ ಮೊದಲ ಮಳೆಗೆ ತೋಡಿನಲ್ಲಿ ಬರುವ ಕೆಂಪು ನೀರೇ ಲೋಟದಲ್ಲಿತ್ತು. ಚಿಕ್ಕಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಎಂತ ಮಗಾ, ದನಕ್ಕೆ ಇಡುವ ಕಲಗಚ್ಚಿನ ಹಾಗೆ ಉಂಟಲ್ಲಾ" ಅಂದರು. ಕುಡಿದದ್ದು ಅವರೊಬ್ಬರೇ. ಅದೂ ನನ್ನ ಮುಖ ನೋಡಿ.

ಇಡೀ ವಿಧಾನದ ಗುಟ್ಟು ಇಷ್ಟೇ: ಚಾ ಬೇರೆ ಮಾಡಬೇಕು, ಹಣ್ಣು ಬೇರೆ ಮಾಡಬೇಕು, ಸಿಹಿ ಬೇರೆ ಮಾಡಬೇಕು. ಮೂರೂ ತಣ್ಣಗಾದ ಮೇಲೆಯೇ ಒಂದಕ್ಕೊಂದು ಮುಖ ತೋರಿಸಬೇಕು. ಕೆಳಗಿನ ಅಳತೆ ದೊಡ್ಡ ಗ್ಲಾಸಿನಲ್ಲಿ ಐದು ಜನಕ್ಕೆ, ಅಂದರೆ ಸುಮಾರು ಒಂದು ಲೀಟರಿಗೆ.

## ಶುರು ಮಾಡುವ ಮೊದಲು ಎದುರಿಗೆ ಇಟ್ಟುಕೊಳ್ಳಿ

ಸ್ಟೀಲಿನ ಒಂದು ತಪಲೆ, ಅದಕ್ಕೆ ಸರಿಯಾದ ಮುಚ್ಚಳ. ಚಾ ಸೋಸುವ ಸಣ್ಣ ಕಣ್ಣಿನ ಜಾಲರಿ. ತೆಳು ಹತ್ತಿ ಬಟ್ಟೆಯ ತುಂಡು, ಹಳೆ ಮುಂಡು ಹರಿದು ತೊಳೆದಿಟ್ಟದ್ದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಟೀ ಚಮಚ, 200 ಮಿಲಿ ಹಿಡಿಯುವ ಒಂದು ಲೋಟ, ಎರಡು ಗಾಜಿನ ಕುಪ್ಪಿ, ಐಸ್ ಟ್ರೇ. ಮತ್ತೆ ಗಡಿಯಾರ. ಮೊಬೈಲಿನ ಅಲಾರಂ ಸಾಕು, ಆದರೆ ಅದಿಲ್ಲದೆ ಚಾ ಮಾಡಲು ಹೊರಡಬೇಡಿ.

ಕಬ್ಬಿಣದ ಬಾಣಲೆ, ಕಬ್ಬಿಣದ ಚೂರಿ, ತುಕ್ಕು ಹಿಡಿದ ಜಾಲರಿ ಯಾವುದೂ ಹತ್ತಿರ ಬರಬಾರದು. ಚಾದಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ಸೋಕಿದರೆ ಶಾಯಿಯ ಹಾಗೆ ಕಪ್ಪಾಗುತ್ತದೆ. ಹುಳಿ ಹಣ್ಣಿನ ರಸವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡುವುದೂ ಬೇಡ.

## ಹಂತ 1: ಹಿಂದಿನ ರಾತ್ರಿಯೇ ನೀರು ಮತ್ತು ಐಸ್

ಎರಡು ಲೀಟರ್ ನೀರು ಚೆನ್ನಾಗಿ ಕುದಿಸಿ ಆರಿಸಿ. ಅದರಲ್ಲಿ ಅರ್ಧ ಐಸ್ ಟ್ರೇಗೆ, ಉಳಿದದ್ದು ಮರುದಿನ ಬೆರೆಸಲು. ಚಾದ ನೀರು ಹೇಗೂ ಕುದಿಯುತ್ತದೆ, ಐಸಿನ ನೀರು ಮಾತ್ರ ಹಸಿಯದ್ದು ಎಂಬುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಐಸಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ನೀರು ತಳ ಹಿಡಿದಾಗ ಹಳದಿ ಕಾಮಾಲೆಯ ಭಯ ಇದ್ದೇ ಇರುತ್ತದೆ, ಅಲ್ವಾ?

ಪೇಟೆಯಿಂದ ಐಸ್ ತರುವವರು ಒಂದು ಮಾತು ಕೇಳಿ. ಮೀನಿಗೆ ಹಾಕುವ ಐಸ್ ಬೇರೆ, ತಿನ್ನುವ ಐಸ್ ಬೇರೆ. ನೀಲಿ ಬಣ್ಣ ಕಂಡರೆ ಅದು ತಿನ್ನಲು ಮಾಡಿದ್ದಲ್ಲ. ಬಣ್ಣ ಇಲ್ಲ ಎಂದ ಮಾತ್ರಕ್ಕೆ ತಿನ್ನುವಂಥದ್ದು ಎಂದೂ ತಿಳಿಯಬೇಡಿ.

ಇನ್ನು ನೀರಿನ ಗುಣ. ನಮ್ಮ ಕಾಸರಗೋಡಿನ ಕಡೆ ಮುರಕಲ್ಲಿನ (ಕೆಂಪುಕಲ್ಲಿನ) ಬಾವಿಯ ನೀರು, ನೀರಿಗಾಗಿ ಗುಡ್ಡೆ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಮೆದು. ಚಾ ಅದರಲ್ಲಿ ತಿಳಿಯಾಗಿ, ಹೊಳೆಯುವ ಬಣ್ಣಕ್ಕೆ ಬರುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಮೇಲೆ ತೆಳು ಕೆನೆಯ ಹಾಗೆ ಕಟ್ಟುತ್ತದೆ, ಚಾ ಮಂಕಾಗುತ್ತದೆ. ಕಡಲ ಬದಿಯ, ಹೊಳೆಯ ಅಳಿವೆ ಹತ್ತಿರದ ಮನೆಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ. ಆ ನೀರಲ್ಲಿ ಐಸ್ ಟೀ ಮಾಡುವುದೇ ಬೇಡ. ಬಿಸಿ ಚಾದಲ್ಲಿ ಹಾಲು, ಸಕ್ಕರೆ ಮುಚ್ಚಿಡುವ ಉಪ್ಪನ್ನು ತಣ್ಣಗಿನ ಚಾ ಮುಚ್ಚಿಡುವುದಿಲ್ಲ. ಕ್ಯಾನ್ ನೀರು ತನ್ನಿ, ಇಲ್ಲವೇ ಒಳನಾಡಿನ ನೆಂಟರ ಬಾವಿಯಿಂದ ಒಂದು ಕೊಡ.

## ಹಂತ 2: ಸಿಹಿ ಪಾಕ

ತಣ್ಣಗಿನ ಚಾಕ್ಕೆ ಸಕ್ಕರೆ ಸುರಿದರೆ ಬೇಗ ಕರಗುವುದಿಲ್ಲ. ತಳದಲ್ಲಿ ಮರಳಿನ ಹಾಗೆ ಕೂರುತ್ತದೆ. ಮೊದಲ ಗುಟುಕು ಸಪ್ಪೆ, ಕೊನೆಯ ಗುಟುಕು ಪಾಯಸ.

ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಕದಡಿ, ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆ ಪಾಕ ಬರಿಸಬೇಡಿ, ಇದು ಹೋಳಿಗೆಯೂ ಅಲ್ಲ, ಲಾಡೂ ಅಲ್ಲ. ಆರಿಸಿ ಕುಪ್ಪಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ವಾರ ಬರುತ್ತದೆ.

ಬೆಲ್ಲ ಆಗುತ್ತದಾ? ಪುನರ್ಪುಳಿಗೆ (ಕೋಕಂ) ಮತ್ತು ಕಾಟುಮಾವಿಗೆ (ಕಾಡು ಮಾವು) ಚೆನ್ನಾಗಿ ಆಗುತ್ತದೆ. ಪ್ಯಾಶನ್ ಫ್ರೂಟ್, ಅನಾನಸಿಗೆ ಬೇಡ, ಹಣ್ಣಿನ ಪರಿಮಳವನ್ನು ಬೆಲ್ಲ ನುಂಗಿ ಹಾಕುತ್ತದೆ. ಬೆಲ್ಲದ ಪಾಕವನ್ನು ಬಟ್ಟೆಯಲ್ಲಿ ಸೋಸಲೇಬೇಕು. ಬಣ್ಣ ಕಪ್ಪಾಗುತ್ತದೆ, ಅದು ಕೆಟ್ಟದ್ದಲ್ಲ.

## ಹಂತ 3: ಹಣ್ಣು

ಇಲ್ಲಿ ಅವಸರ ಮಾಡಬೇಡಿ. ಒಂದೊಂದು ಹಣ್ಣಿನ ಸ್ವಭಾವ ಒಂದೊಂದು, ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದರೆ ಎಲ್ಲವೂ ಒಂದೇ ತರ ಕೆಡುತ್ತವೆ. ಒಂದು ಲೀಟರ್ ಐಸ್ ಟೀಗೆ ಸುಮಾರು 200 ಮಿಲಿ ಸೋಸಿದ ರಸ ಬೇಕು.

ಕಾಟುಮಾವು. ಕಸಿ ಮಾವಿಗಿಂತ ಇದೇ ಮೇಲು ಎನ್ನುವುದು ನನ್ನ ಪಕ್ಷ. ಹುಳಿ ಉಂಟು, ಪರಿಮಳ ಉಂಟು, ಚಾದ ಒಗರಿನ ಎದುರು ನಿಲ್ಲುವ ತಾಕತ್ತು ಉಂಟು. ತೊಟ್ಟು ಮುರಿದು ಸೊನೆ ಇಳಿಯಲು ಬಿಡಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ, ತೊಳೆಯಿರಿ. ಸೊನೆ ಉಳಿದರೆ ತುಟಿ ಉರಿಯುತ್ತದೆ, ರಸಕ್ಕೂ ಘಾಟು ವಾಸನೆ ಬರುತ್ತದೆ. ಆಮೇಲೆ ಸಿಪ್ಪೆ ಸುಲಿದು, ಮಾವಿನಹಣ್ಣಿನ ಸಾಸಿವೆ ಎಂಬ ಪದಾರ್ಥಕ್ಕೆ ಹಿಂಡುವ ಹಾಗೆ ಕೈಯಲ್ಲೇ ಹಿಂಡಿ. ಗೊರಟಿಗೆ ಅರ್ಧ ಲೋಟ ನೀರು ಹಾಕಿ ಮತ್ತೊಮ್ಮೆ ಹಿಸುಕಿ. ಬಟ್ಟೆಯಲ್ಲಿ ಸೋಸಿ. ನಾರು ಗ್ಲಾಸಿಗೆ ಬರಬಾರದು. ದಪ್ಪ ರಸ ತಳಕ್ಕೆ ಕೂರುತ್ತದೆ, ಹಾಗಾಗಿ ನೀರಿನಷ್ಟೇ ತೆಳುವಾಗುವವರೆಗೆ ಸಡಿಲ ಮಾಡಿ. ಈ ರಸ ಕುದಿಸುವುದು ಬೇಡ.

ಪುನರ್ಪುಳಿ. ಹಸಿ ಹಣ್ಣು ಸಿಗುವ ದಿನಗಳಲ್ಲಿ ಐದಾರು ಹಣ್ಣಿನ ಓಡು, ಇಲ್ಲವಾದರೆ ಒಣ ಸಿಪ್ಪೆ ಎಂಟು ಹತ್ತು. ಎರಡು ಗಂಟೆ 200 ಮಿಲಿ ನೀರಿನಲ್ಲಿ ನೆನೆಯಲಿ. ಹಿಂಡಿ ಸೋಸಿ. ಒಣ ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದಾ ಎಂದು ಮೊದಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ. ಉಪ್ಪಿದ್ದರೆ ಅದು ಸಾರಿಗೆ ಹೋಗಲಿ. ಈ ಹಣ್ಣಿಗೆ ಲಿಂಬೆ ಸೇರಿಸಬೇಡಿ, ಇದರದ್ದೇ ಹುಳಿ ಸಾಕು. ಹುಳಿ ಇದ್ದಷ್ಟೂ ಹೊತ್ತು ಬಣ್ಣ ಮಾಣಿಕ್ಯದ ಹಾಗೆ ಇರುತ್ತದೆ. ಕಹಿ ತೆಗೆಯಲು ಚಾಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕುವ ಅಭ್ಯಾಸ ಕೆಲವರಿಗಿದೆ. ಪುನರ್ಪುಳಿಯ ಜೊತೆ ಹಾಗೆ ಮಾಡಿದರೆ ಕೆಂಪು ಹೋಗಿ ಮಸುಕು ನೇರಳೆ ಬರುತ್ತದೆ, ನೋಡಲು ಅಸಹ್ಯ. ಸೋಡಾ ಯಾವ ಹಣ್ಣಿಗೂ ಬೇಡ ಎಂದೇ ಇಟ್ಟುಕೊಳ್ಳಿ. ಕಹಿಯನ್ನು ಬರುವ ಮೊದಲೇ ತಡೆಯುವುದು ಹಂತ 4ರಲ್ಲಿದೆ.

ಗೇರುಹಣ್ಣು. ಎಲ್ಲರೂ ಸೋಲುವುದು ಇಲ್ಲಿ. ಗುಡ್ಡೆ ತುಂಬ ಬಿದ್ದಿರುತ್ತದೆ, ಬೀಜ ತಿರುಪಿ ಹಣ್ಣು ಎಸೆಯುತ್ತೇವೆ, ಸುಮ್ನೆ ಹಾಳಾಗುವುದಲ್ಲ ಎಂದು ಆಸೆಯಾಗುತ್ತದೆ. ಆದರೆ ಗೇರುಹಣ್ಣಿನಲ್ಲೂ ಟ್ಯಾನಿನ್, ಚಾದಲ್ಲೂ ಟ್ಯಾನಿನ್. ನೇರವಾಗಿ ಬೆರೆಸಿದರೆ ನಾಲಿಗೆ ದಪ್ಪವಾಗಿ ಗಂಟಲು ಹಿಡಿದುಕೊಳ್ಳುತ್ತದೆ. ಒಗರು ಮೊದಲು ತೆಗೆಯಬೇಕು.

ಅಂದೇ ಬಿದ್ದ, ಪೆಟ್ಟಾಗದ ಹಣ್ಣು ಆರಿಸಿ. ತೊಳೆದು, ಎರಡೂ ತುದಿ ಕತ್ತರಿಸಿ, ಹಿಂಡಿ ರಸ ತೆಗೆಯಿರಿ. ಬಟ್ಟೆಗೆ ಕಲೆಯಾದರೆ ಹೋಗದು, ಹಳೇ ಅಂಗಿ ಹಾಕಿಕೊಳ್ಳಿ. ಈಗ ಉಪ್ಪು ಹಾಕದ, ತಣ್ಣಗಾದ ಗಂಜಿ ತೆಳಿಯನ್ನು ಸ್ವಲ್ಪ ಸ್ವಲ್ಪವೇ ರಸಕ್ಕೆ ಹಾಕಿ ಕದಡುತ್ತಾ ಹೋಗಿ. ನೋಡುತ್ತಿದ್ದ ಹಾಗೆ ರಸದಲ್ಲಿ ಬಿಳಿ ಚೂರುಗಳು ಹಾಲು ಒಡೆದ ಹಾಗೆ ಕಾಣಿಸಿಕೊಳ್ಳುತ್ತವೆ. ಗಂಜಿಯ ಪಿಷ್ಟ ಟ್ಯಾನಿನ್ನನ್ನು ಹಿಡಿದುಕೊಂಡು ಬೀಳುವ ಗುರುತು ಅದು. ಚೂರು ಕಂಡ ಮೇಲೆ ತೆಳಿ ಹಾಕುವುದು ನಿಲ್ಲಿಸಿ, ಪಾತ್ರೆಯನ್ನು ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಇಡಿ. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿಕೊಳ್ಳಿ. ಗಂಜಿ ತೆಳಿಯ ಬದಲು ಬೇಯಿಸಿದ ಸಾಬಕ್ಕಿಯ ಅಂಟೂ ಆಗುತ್ತದೆ. ನಾಲಿಗೆಗೆ ಹಚ್ಚಿ ನೋಡಿ. ಇನ್ನೂ ಹಿಡಿದುಕೊಂಡರೆ ಮತ್ತೊಮ್ಮೆ ಮಾಡಿ. ಆ ರಸ ಅದೇ ದಿನ ಮುಗಿಯಬೇಕು. ಗೇರುಹಣ್ಣು ಎಷ್ಟು ಬೇಗ ಹುಳಿಯುತ್ತದೆ ಎಂದು ಗುಡ್ಡೆಯ ಬದಿಯವರಿಗೆ ಬೇರೆ ಹೇಳಬೇಕಿಲ್ಲ.

ಪ್ಯಾಶನ್ ಫ್ರೂಟ್. ಸಿಪ್ಪೆ ಸುಕ್ಕಾದದ್ದೇ ಹಣ್ಣಾದದ್ದು, ನುಣುಪು ಇದ್ದರೆ ಬರೀ ಹುಳಿ. ನಾಲ್ಕು ಹಣ್ಣಿನ ತಿರುಳು ಜಾಲರಿಗೆ ಹಾಕಿ ಚಮಚದಲ್ಲಿ ಉಜ್ಜಿ, ಸ್ವಲ್ಪ ನೀರು ಹಾಕಿ 200 ಮಿಲಿ ಮಾಡಿಕೊಳ್ಳಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಪ್ಪು ಪುಡಿ, ಕಹಿ. ಮೊದಲ ಸಲ ಮಾಡುವವರು ಈ ಹಣ್ಣಿನಿಂದಲೇ ಶುರು ಮಾಡಿ, ಕೆಡುವುದು ಕಷ್ಟ.

ಅನಾನಸು. ಹೆಚ್ಚಿ, ಎರಡು ಚಮಚ ಸಕ್ಕರೆ ಹಾಕಿ, ಐದು ನಿಮಿಷ ಬೇಯಿಸಿ, ರುಬ್ಬಿ ಸೋಸಿ. ಹಸಿ ಅನಾನಸಿನ ಬ್ರೊಮೆಲೈನ್ ಎಂಬ ಕಿಣ್ವ ನಾಲಿಗೆಯನ್ನು ಚುಚ್ಚುತ್ತದೆ. ಬೇಯಿಸಿದರೆ ಅದು ಸಾಯುತ್ತದೆ.

ಬಚ್ಚಂಗಾಯಿ, ಅಂದರೆ ಕಲ್ಲಂಗಡಿ. ಇದರಲ್ಲಿ ಇರುವುದೇ ನೀರು. ರಸವನ್ನು ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿ, ಐಸಿನ ಬದಲು ಅದನ್ನೇ ಹಾಕಿ. ರಸವಾಗಿ ಬೆರೆಸಿದರೆ ಏನೂ ರುಚಿ ಇಲ್ಲ.

ಲಿಂಬೆ. ಬೀಜ ತೆಗೆದು ಹಿಂಡಿ, ಅದೂ ಕುಡಿಯುವ ಹೊತ್ತಿಗೆ. ಬೆಳಿಗ್ಗೆ ಹಿಂಡಿ ಸಂಜೆಗೆ ಇಟ್ಟ ಲಿಂಬೆ ರಸ ಕಹಿಯಾಗುತ್ತದೆ. ಕಾಸರಗೋಡಿನಲ್ಲಿ ಬಿರಿಯಾನಿಯ ಮೇಲೆ ಸುಲೈಮಾನಿ ಕುಡಿದವರಿಗೆ ಚಾ ಮತ್ತು ಲಿಂಬೆಯ ನೆಂಟಸ್ತಿಕೆ ಗೊತ್ತೇ ಇದೆ. ಲಿಂಬೆ ಬಿದ್ದ ಕೂಡಲೇ ಚಾದ ಬಣ್ಣ ತೆಳುವಾಗುತ್ತದೆ, ಹೆದರಬೇಡಿ. ಹುಳಿಗೆ ಹಾಗಾಗುವುದು.

## ಹಂತ 4: ಚಾ ಕುದಿಸುವುದಲ್ಲ, ನೆನೆಸುವುದು

ಮನೆಯಲ್ಲಿ ಹಾಲು ಚಾ ಮಾಡುವ ಕೈಗೆ ಇದು ಕಷ್ಟ. ಹಾಲು ಚಾಕ್ಕೆ ಹುಡಿ ಹಾಕಿ ಕುದಿಸಿದರೂ ಹಾಲು ಒಗರನ್ನು ಹಿಡಿದುಕೊಳ್ಳುತ್ತದೆ. ಐಸ್ ಟೀಯಲ್ಲಿ ಹಾಲಿಲ್ಲ. ಕುದಿಸಿದ್ದೆಲ್ಲ ನಾಲಿಗೆಗೆ ಬರುತ್ತದೆ.

500 ಮಿಲಿ ನೀರು ಕುದಿಸಿ. ಉರಿ ಆರಿಸಿ. ಆಮೇಲೆ ನಾಲ್ಕು ಟೀ ಚಮಚ ಚಾ ಹುಡಿ ಹಾಕಿ, ಚಮಚ ತಲೆ ತಟ್ಟಿದ ಅಳತೆ, ಗೋಪುರ ಅಲ್ಲ. ತೂಕದಲ್ಲಿ 8ರಿಂದ 10 ಗ್ರಾಂ. ಒಮ್ಮೆ ಕದಡಿ ಮುಚ್ಚಿ. ಸಾಮಾನ್ಯ ಕಾಳು ಚಾ ಹುಡಿಗೆ 3 ನಿಮಿಷ, ಎಲೆ ಚಾಕ್ಕೆ 4ರಿಂದ 5 ನಿಮಿಷ. ಅಲಾರಂ ಹೊಡೆದ ಕೂಡಲೇ ಸೋಸಿ. ಬಾಗಿಲಿಗೆ ಯಾರೋ ಬಂದರು, ಹಾಲು ಉಕ್ಕಿತು, ಯಾವುದೂ ಲೆಕ್ಕಕ್ಕಿಲ್ಲ.

ಹುಡಿಯನ್ನು ಚಮಚದಲ್ಲಿ ಒತ್ತಿ ಹಿಂಡಬೇಡಿ. ಆ ಕೊನೆಯ ನಾಲ್ಕು ಹನಿಯಲ್ಲೇ ಕಹಿ ಕೂತಿರುತ್ತದೆ.

ಸ್ಟ್ರಾಂಗ್ ಬೇಕಾದರೆ ಹುಡಿ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ. ಈ ಒಂದು ವಾಕ್ಯವನ್ನು ಬದಿಯಡ್ಕದ ಅತ್ತಿಗೆ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ. ಐಸ್ ಕರಗಿ ನೀರಾಗುವ ಲೆಕ್ಕಕ್ಕೇ ನಾವು ದುಪ್ಪಟ್ಟು ಹುಡಿ ಹಾಕುವುದು.

ಯಾವ ಚಾ? ಹೋಟೆಲಿನವರು ಬಳಸುವ ನುಣುಪು ಡಸ್ಟ್ ಬೇಡ, ಎಷ್ಟು ಸೋಸಿದರೂ ಗಸಿ ಉಳಿಯುತ್ತದೆ. ಕಾಳಿನ ಹಾಗಿರುವ ಹುಡಿ ಆಗುತ್ತದೆ. ಸಿಕ್ಕಿದರೆ ನೀಲಗಿರಿಯ ಎಲೆ ಚಾ ತನ್ನಿ, ತಣ್ಣಗಾದರೂ ತಿಳಿಯಾಗಿ ಉಳಿಯುವುದಕ್ಕೆ ಅದು ಹೆಸರಾದದ್ದು. ಗ್ರೀನ್ ಟೀ ಹಾಕುವವರು ಕುದಿ ನಿಂತ ನೀರನ್ನು ಐದು ನಿಮಿಷ ಆರಲು ಬಿಡಿ, 80 ಡಿಗ್ರಿ ಹತ್ತಿರ ಬಂದ ಮೇಲೆ ಹಾಕಿ 2 ನಿಮಿಷಕ್ಕೇ ತೆಗೆಯಿರಿ. ಮಸಾಲೆ ಹಾಕಿದ ಚಾ ಹುಡಿ ಯಾವ ಹಣ್ಣಿಗೂ ಹೊಂದುವುದಿಲ್ಲ.

## ಹಂತ 5: ತಣಿಸುವುದು

ನನ್ನ ಕಲಗಚ್ಚು ಆದದ್ದು ಇಲ್ಲೇ. ಚಾದ ಕೆಫೀನ್ ಮತ್ತು ಟ್ಯಾನಿನ್ ಜಾತಿಯ ಅಂಶಗಳು ಬಿಸಿಯಲ್ಲಿ ಕರಗಿರುತ್ತವೆ. ತಣ್ಣಗಾದಾಗ ಒಂದನ್ನೊಂದು ಹಿಡಿದುಕೊಂಡು ಕೆನೆಯ ಹಾಗೆ ತೇಲುತ್ತವೆ. ಚಾ ದಪ್ಪ ಇದ್ದಷ್ಟೂ, ಬಿಸಿಯಿಂದ ಒಮ್ಮೆಲೇ ಫ್ರಿಜ್ಜಿಗೆ ಹೋದಷ್ಟೂ ಮಬ್ಬು ಜಾಸ್ತಿ.

ಹಾಗಾಗಿ ಸೋಸಿದ ಬಿಸಿ ಚಾಕ್ಕೆ ಕೂಡಲೇ 150 ಮಿಲಿ ಕುದಿಸಿ ಆರಿಸಿದ ನೀರು ಸೇರಿಸಿ. ಐಸ್ ನೀರಲ್ಲ, ಸಾಮಾನ್ಯ ತಣ್ಣೀರು. ಅಗಲ ಬಾಯಿಯ ಪಾತ್ರೆಯಲ್ಲಿ, ಜಾಲರಿ ಮುಚ್ಚಳ ಮುಚ್ಚಿ, ಮುಕ್ಕಾಲು ಗಂಟೆ ಹೊರಗಿಡಿ. ಪಾತ್ರೆಯ ಹೊರಮೈಗೆ ಅಂಗೈ ತಾಗಿಸಿ ನೋಡಿ. ಬಿಸಿ ಗೊತ್ತಾಗದಿದ್ದರೆ ಕುಪ್ಪಿಗೆ ತುಂಬಿ ಫ್ರಿಜ್ಜಿಗೆ. ಎರಡು ಗಂಟೆ ಅಲ್ಲಿರಲಿ. ಇನ್ನೂ ಲಿಂಬೆ ಹಾಕಬೇಡಿ, ಹಣ್ಣು ಹಾಕಬೇಡಿ.

ನಮ್ಮ ಸೆಕೆಯಲ್ಲಿ ಹೊರಗೆ ಮರೆತು ಬಿಡುವುದೂ ಅಪಾಯ. ಮಧ್ಯಾಹ್ನ ಮಾಡಿ ರಾತ್ರಿಯವರೆಗೆ ಅಡುಗೆಮನೆಯಲ್ಲೇ ಉಳಿದ ಚಾವನ್ನು ಗಿಡದ ಬುಡಕ್ಕೆ ಹಾಕಿ.

## ಹಂತ 6: ಬೆರೆಸುವ ಕ್ರಮ

ಈಗ ಮೂರೂ ತಣ್ಣಗಿವೆ. ಮೊದಲು ಚಾ, ಸುಮಾರು 600 ಮಿಲಿ. ಅದಕ್ಕೆ ಸಿಹಿ ಪಾಕ 100 ಮಿಲಿ ಹಾಕಿ ಕದಡಿ. ಆಮೇಲೆ ಹಣ್ಣಿನ ರಸ 200 ಮಿಲಿ. ಕೊನೆಗೆ ಲಿಂಬೆ, ಒಂದು ಚಮಚದಿಂದ ಶುರು ಮಾಡಿ. ಉಳಿದ ಜಾಗಕ್ಕೆ ನೀರು, ಅದೂ ರುಚಿ ನೋಡಿ.

ರುಚಿ ನೋಡುವಾಗ ಸ್ವಲ್ಪ ಸಿಹಿ ಜಾಸ್ತಿ, ಸ್ವಲ್ಪ ಹುಳಿ ಜಾಸ್ತಿ ಅನಿಸಬೇಕು. ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತದೆ, ಮೇಲಿಂದ ಐಸ್ ಬೇರೆ ಕರಗುತ್ತದೆ. ಈಗಲೇ ಸರಿಯಾಗಿದೆ ಅನಿಸಿದರೆ ಗ್ಲಾಸಿನಲ್ಲಿ ಸಪ್ಪೆಯಾಗುತ್ತದೆ. ಚಿಟಿಕೆ ಉಪ್ಪು ಹಾಕಿ, ಉಳಿದ ಸಣ್ಣ ಕಹಿಯನ್ನು ಅದು ಅಡಗಿಸುತ್ತದೆ.

ಹಾಲು, ಮಿಲ್ಕ್‌ಮೇಡ್, ಐಸ್‌ಕ್ರೀಂ ಹಾಕಬಹುದಾ ಎಂದು ಕೇಳಿದವರಿದ್ದಾರೆ. ಹುಳಿ ಹಣ್ಣು ಇರುವಲ್ಲಿ ಹಾಲು ಒಡೆಯುತ್ತದೆ. ಬೇಡ.

## ಹಂತ 7: ಗ್ಲಾಸಿಗೆ

ಗ್ಲಾಸಿನ ಮುಕ್ಕಾಲು ಭಾಗ ಐಸ್ ತುಂಬಿ. ಎರಡೇ ತುಂಡು ಹಾಕಿದರೆ ಐಸ್ ಉಳಿಯುತ್ತದೆ ಎಂದು ತೋರುತ್ತದೆ, ಆಗುವುದು ಉಲ್ಟಾ. ಕಮ್ಮಿ ಐಸ್ ಬೇಗ ಕರಗಿ ನೀರು ಮಾಡುತ್ತದೆ, ತುಂಬ ಐಸ್ ಒಂದಕ್ಕೊಂದು ತಂಪು ಹಿಡಿದು ನಿಧಾನ ಕರಗುತ್ತದೆ. ಮೇಲಿಂದ ಚಾ ಸುರಿಯಿರಿ. ಸ್ವಲ್ಪ ಐಸ್ ಟೀಯನ್ನೇ ಟ್ರೇಗೆ ಹಾಕಿ ಗಟ್ಟಿ ಮಾಡಿಟ್ಟುಕೊಂಡರೆ ನೀರಾಗುವ ದೂರೇ ಇಲ್ಲ.

ಪುದೀನ ಎಲೆಯನ್ನು ಅಂಗೈ ಮೇಲೆ ಇಟ್ಟು ಒಂದು ಪೆಟ್ಟು ಹೊಡೆದು ಹಾಕಿ, ಅರೆಯಬೇಡಿ. ನಮ್ಮ ಶರಬತ್ತಿನ ಅಂಗಡಿಗಳ ಹಾಗೆ ಕಾಮಕಸ್ತೂರಿ ಬೀಜ ಬೇಕೆಂದರೆ ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ 15 ನಿಮಿಷ ನೆನೆಸಿ. ಅಂಗಡಿಯಲ್ಲಿ ಅದನ್ನು ಕಸಕಸ ಎಂದು ಕೇಳಿದರೆ ಕೆಲವರು ಪಾಯಸದ ಗಸಗಸೆ ಕೊಟ್ಟುಬಿಡುತ್ತಾರೆ, ನೋಡಿ ತನ್ನಿ.

## ಒಲೆ ಹಚ್ಚಲು ಮನಸ್ಸಿಲ್ಲದ ದಿನಕ್ಕೆ

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 10ರಿಂದ 12 ಗ್ರಾಂ ಎಲೆ ಚಾ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್ಜಿನಲ್ಲಿಡಿ. ಎಂಟು ಹತ್ತು ಗಂಟೆ ಬಿಟ್ಟು ಸೋಸಿ. ಕಹಿ ಬಹಳ ಕಮ್ಮಿ, ಮಬ್ಬೂ ಬಾರದು. ಈ ಚಾ ತೆಳು, ಹಾಗಾಗಿ ಮತ್ತೆ ನೀರು ಬೆರೆಸಬೇಡಿ. ಮೇಲೆ ಹೇಳಿದ 600 ಮಿಲಿಯ ಬದಲು 700 ಮಿಲಿ ಹಾಕಿ. ಪ್ಯಾಶನ್ ಫ್ರೂಟಿಗೆ ಇದು ಚೆಂದ ಹೊಂದುತ್ತದೆ, ಕಾಟುಮಾವಿನ ಜೋರಿನ ಎದುರು ಸೋಲುತ್ತದೆ.

ಆದರೆ ಕುಪ್ಪಿಯನ್ನು ಟೆರೇಸಿನ ಬಿಸಿಲಿನಲ್ಲಿಟ್ಟು ಚಾ ಇಳಿಸುವ ವಿಡಿಯೋ ನೋಡಿ ಹಾಗೆ ಮಾಡಬೇಡಿ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆಯೇ ಹೊರತು ಕುದಿಯುವುದಿಲ್ಲ. ಆ ಬೆಚ್ಚಗೆ ರೋಗಾಣುವಿಗೆ ತೊಟ್ಟಿಲಿದ್ದ ಹಾಗೆ.

## ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಹುಡುಕುವುದು

ಮಬ್ಬಾಗಿದೆ. ಒಂದು ಲೋಟ ಕುದಿಯುವ ನೀರನ್ನು ಚಾಕ್ಕೆ ಸುರಿದು ಕದಡಿ. ತಿಳಿಯಾದರೆ ಅದು ಚಾದ ಕೆನೆ ಮಾತ್ರ, ಕುಡಿಯಲು ತೊಂದರೆ ಇಲ್ಲ. ಹಣ್ಣು ಹಾಕುವ ಮೊದಲಾದರೆ ಮಾತ್ರ ಈ ಉಪಾಯ. ತಿಳಿಯಾಗದಿದ್ದರೆ ಹುಡಿಯ ಗಸಿ, ಬಟ್ಟೆಯಲ್ಲಿ ಸೋಸಿ.

ಕಹಿಯಾಗಿದೆ. ಹೊತ್ತು ಮೀರಿದೆ ಅಥವಾ ಹುಡಿ ಹಿಂಡಿದ್ದೀರಿ. ಸಕ್ಕರೆ ಸುರಿದು ಮುಚ್ಚಲು ಹೋಗಬೇಡಿ, ಸಿಹಿ ಕಹಿಯಾಗುತ್ತದೆ ಅಷ್ಟೇ. ಅದಕ್ಕೆ ಹಾಲು ಹಾಕಿ ಬಿಸಿ ಮಾಡಿ ಸಂಜೆಯ ಚಾ ಮಾಡಿ ಕುಡಿಯಿರಿ, ಹೊಸದಾಗಿ ಶುರು ಮಾಡಿ. ಕಹಿ ಲಿಂಬೆಯದ್ದಾಗಿದ್ದರೆ ಸಿಪ್ಪೆಯ ಒಳಗಿನ ಬಿಳಿ ಭಾಗ ಬಿದ್ದಿರಬೇಕು.

ಕಪ್ಪಾಗಿದೆ. ಕಬ್ಬಿಣ. ಚೂರಿ, ಜಾಲರಿ, ನೀರಿನ ಪೈಪು, ಒಂದೊಂದಾಗಿ ನೋಡಿ.

ಹಣ್ಣು ತಳಕ್ಕೆ ಕೂತಿದೆ. ಕೂರುತ್ತದೆ. ಚಮಚ ಇಟ್ಟುಕೊಡಿ.

ನೊರೆ, ಗುಳ್ಳೆ, ಲೋಳೆ. ಅಲ್ಲಾಡಿಸದೆಯೇ ಬದಿಯಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ, ಚಮಚ ಎತ್ತಿದಾಗ ಎಳೆ ಬಂದರೆ, ಮುಚ್ಚಳ ತೆಗೆದಾಗ ಟಪ್ ಎಂದು ಸದ್ದಾದರೆ, ಕಳ್ಳಿನ ವಾಸನೆ ಮೂಗಿಗೆ ಹೊಡೆದರೆ, ರುಚಿ ನೋಡಲೂ ಹೋಗಬೇಡಿ. ಚೆಲ್ಲಿ, ಕುಪ್ಪಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ.

## ಎಷ್ಟು ದಿನ, ಯಾರಿಗೆ

ಬರೀ ಚಾ ಫ್ರಿಜ್ಜಿನಲ್ಲಿ ಎರಡು ದಿನ. ಹಣ್ಣು ಬೆರೆಸಿದ್ದು ಒಂದೇ ದಿನ. ಮೇಜಿನ ಮೇಲೆ ಇಟ್ಟದ್ದು ಎರಡು ಗಂಟೆ. ರಾತ್ರಿಯಿಡೀ ಕರೆಂಟು ಹೋಗಿ ಫ್ರಿಜ್ಜಿನೊಳಗೆಲ್ಲ ಬೆಚ್ಚಗಾಗಿದ್ದರೆ ದಿನದ ಲೆಕ್ಕ ಬಿಡಿ, ಚೆಲ್ಲಿಬಿಡಿ.

ಇದು ಶರಬತ್ತಿನ ಹಾಗೆ ಕಂಡರೂ ಒಳಗಿರುವುದು ಚಾ, ದುಪ್ಪಟ್ಟು ಹುಡಿಯ ಚಾ. ರಜೆಯಲ್ಲಿ ಮನೆಯಲ್ಲೇ ಇರುವ ಮಕ್ಕಳು ನೀರು ಕುಡಿದ ಹಾಗೆ ಕುಡಿಯುತ್ತಾರೆ, ಆಮೇಲೆ ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ಸಣ್ಣ ಮಕ್ಕಳಿಗೆ ಚಾ ಇಲ್ಲದೆ ಬರೀ ಹಣ್ಣಿನ ರಸ, ಪಾಕ, ಐಸ್ ಕೊಡಿ. ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಊಟದ ಜೊತೆ ಕುಡಿಯಬಾರದು. ಊಟವಾಗಿ ಒಂದು ಗಂಟೆಯಾದರೂ ಬಿಡಿ.

## ಮನೆ ತುಂಬ ಜನ ಇದ್ದರೆ

ಇಪ್ಪತ್ತೈದು ಜನಕ್ಕೆ ಎಲ್ಲವನ್ನೂ ಐದು ಪಟ್ಟು ಮಾಡಿ: ಎರಡೂವರೆ ಲೀಟರ್ ನೀರು, 45 ಗ್ರಾಂ ಹತ್ತಿರ ಚಾ ಹುಡಿ. ಪಟ್ಟು ಆಗದಿರುವುದು ಒಂದೇ, ಹೊತ್ತು. ಅದು 3 ನಿಮಿಷವೇ. ದೊಡ್ಡ ಪಾತ್ರೆಯನ್ನು ಎತ್ತಿ ಸೋಸುವಷ್ಟರಲ್ಲಿ ಮತ್ತೆ ಮೂರು ನಿಮಿಷ ಹೋಗುತ್ತದೆ. ಅದಕ್ಕೆ ಹುಡಿಯನ್ನು ಮೊದಲೇ ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಉದ್ದ ದಾರ ಬಿಟ್ಟು ನೀರಿಗೆ ಇಳಿಸಿ. ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಅಲಾರಂ ಹೊಡೆದಾಗ ದಾರ ಹಿಡಿದು ಎತ್ತಿದರೆ ಮುಗಿಯಿತು.

ತಣಿಸಲು ಎರಡು ಮೂರು ಅಗಲ ಪಾತ್ರೆಗಳಿಗೆ ಹಂಚಿ. ಇಲ್ಲದಿದ್ದರೆ ಅಷ್ಟು ಚಾ ಆರುವುದಕ್ಕೇ ಅರ್ಧ ದಿನ ಬೇಕು. ಬೆರೆಸುವುದು ಜನ ಬಂದು ಕೂತ ಮೇಲೆ, ಐದೈದು ಗ್ಲಾಸಿನ ಲೆಕ್ಕದಲ್ಲಿ. ಎಲ್ಲವನ್ನೂ ಒಮ್ಮೆಲೇ ಬೆರೆಸಿಟ್ಟು, ನೆಂಟರ ಕಾರು ಕುಂಬಳೆಯ ಬ್ಲಾಕಿನಲ್ಲಿ ಸಿಕ್ಕಿಬಿದ್ದರೆ ಉಳಿದದ್ದೆಲ್ಲ ಹಾಳು.

ಎತ್ತಿದ ಗಂಟನ್ನು ಹಿಂಡದೆ ಹಾಗೇ ತೊಟ್ಟಿಕ್ಕಲು ಬಿಡಿ. ಆರಿದ ಮೇಲೆ ಬಿಚ್ಚಿ ಚರಟವನ್ನು ಗುಲಾಬಿಯ ಬುಡಕ್ಕೆ ಹಾಕಿ, ಬಟ್ಟೆಯನ್ನು ಸೋಪು ಹಾಕದೆ ಬಿಸಿನೀರಿನಲ್ಲಿ ಅಲುಬಿ ಒಣಗಿಸಿ. ಸೋಪಿನ ವಾಸನೆ ಹಿಡಿದ ಬಟ್ಟೆ ಮುಂದಿನ ಚಾಕ್ಕೆ ಬಾರದು.